ಬೆಳಕಿನ ಮುಳ್ಳು

ಕ್ಯಾಮರಾದ ನೆತ್ತಿಯ ಸಣ್ಣ ಗಾಜಿನೊಳಗೆ ಬೆಳಕು ಅಳೆಯುವ ಮುಳ್ಳು ಏಳಲೇ ಇಲ್ಲ. ಪಟ ತೆಗೆಯಲು ಬಂದ ರಾಧಾಕೃಷ್ಣ ಅದನ್ನು ಬಾಣಂತಿ ದೇಯಿಯ ಮುಖದ ಹತ್ತಿರ ಹಿಡಿದ, ಮಗುವಿನ ಹತ್ತಿರ ಹಿಡಿದ. ಕೋಣೆ ಅಷ್ಟು ಕತ್ತಲೆ. "ಇವರನ್ನು ಹೊರಗೆ ಕರ್ಕೊಂಡು ಬಾ ಜಯ. ಫಿಲ್ಮಿನಲ್ಲಿ ಉಳಿದದ್ದು ಒಂದೇ ಪಟ ಮಾರಾಯ. ಹಾಳಾದ್ರೆ ಈ ಯುದ್ಧಕಾಲದಲ್ಲಿ ಬೇರೆ ಸಿಗ್ಲಿಕ್ಕಿಲ್ಲ."

"ಹೆತ್ತು ವಾರ ಆಗ್ಲಿಲ್ಲ, ಹೊರಗೆ ತರ್ಲಿಕ್ಕೆ ಉಂಟಾ?" ಸಿಪಾಯಿ ಸಮವಸ್ತ್ರದಲ್ಲೇ ನಿಂತಿದ್ದ ದೇಯಿಯ ಗಂಡ ಜಯ ಕೇಳಿದ. ಅವನನ್ನು ಬರ್ಮಾದ ಕಡೆಗೆ ಒಯ್ಯುವ ರೈಲು ಮಂಗಳೂರು ಸ್ಟೇಷನ್ನಿನಿಂದ ಸಂಜೆಗೇ ಹೊರಡುವುದಿತ್ತು.

ಬಾಗಿಲಲ್ಲಿದ್ದ ಅವನ ಅಪ್ಪ ಬೂಬ ರೇಗಿದ. "ಬೆಳಕು ಉಂಟಾ ಇಲ್ವಾ ಅಂತ ನೋಡ್ಲಿಕ್ಕೂ ಒಂದು ಯಂತ್ರವಾ? ನಿಮಗೆ ಕಣ್ಣು ಎಂತಕ್ಕೆ ಇರುವುದು?" ಎನ್ನುತ್ತಲೇ ಏಣಿ ಇಟ್ಟು ಮನೆಯ ಹಂಚಿನ ಮಾಡು ಹತ್ತಿದ. ಮೇಲೆ ಹಂಚೊಂದು ಸರಿಯಿತು, ಮತ್ತೊಂದು, ಇನ್ನೊಂದು. ಬಿಸಿಲು ನೇರ ದೇಯಿಯ ಮಡಿಲಿಗೆ ಬಿತ್ತು. ಮುಳ್ಳು ಮೆಲ್ಲನೆ ಎದ್ದಿತು.

"ನೀವೂ ಬನ್ನಿ," ಎಂದಳು ದೇಯಿ ಗಂಡನಿಗೆ. "ನಾಳೆ ಮಗುವಿಗೆ ತೋರಿಸ್ಲಿಕ್ಕೆ ಬೇಕಲ್ಲ."

ಜಯ ಪಕ್ಕದಲ್ಲಿ ಕುಳಿತ. ರಾಧಾಕೃಷ್ಣ ಇನ್ನೇನು ಗುಂಡಿ ಒತ್ತಬೇಕು, ಮುಳ್ಳು ಮತ್ತೆ ಬಿತ್ತು. ಮೋಡ ಬಂತಾ? ಗಾಬರಿಯಲ್ಲಿ ಮೂವರೂ ತಲೆ ಎತ್ತಿದರು.

ಹಂಚು ತೆಗೆದ ಕಂಡಿಯಲ್ಲಿ ಬೂಬನ ಮುಖ. ಅವನು ರೆಪ್ಪೆ ಮಿಟುಕಿಸದೆ ಮಗನನ್ನೇ ನೋಡುತ್ತಿದ್ದ.

"ಅಪ್ಪ, ತಲೆ..." ಎಂದ ಜಯ ಮುಂದೆ ಹೇಳಲಿಲ್ಲ. ರಾಧಾಕೃಷ್ಣ ಕ್ಯಾಮರಾ ಇಳಿಸಿ ಸುಮ್ಮನೆ ಕಾದ.