ಚಿಗಳ್ಳಿಯ ಪೆಟ್ಟಿಗೆ

ಸುತ್ತಿಗೆ ಮೇಜಿನ ಮೇಲಿತ್ತು. ಅದರಡಿ ಒಂದು ಬಸ್ ಟಿಕೆಟ್ಟು. ಸಿದ್ದಲಿಂಗ ಬಾಗಿಲಲ್ಲಿ ನಿಂತಾಗ ಮೆಹರೀನ ಎರಡನ್ನೂ ಮರೆಮಾಡಲಿಲ್ಲ.

ಬಂಗೂರನಗರದ ಕಾರ್ಮಿಕರ ಸಂಘಕ್ಕೂ ಚಿಗಳ್ಳಿಯ ರೈತರ ಸಂಘಕ್ಕೂ ಒಂದು ಕರಾರಿತ್ತು. ಒಬ್ಬರ ಕಂಪ್ಯೂಟರಿನ ದಾಖಲೆಗಳ ಪ್ರತಿ ಇನ್ನೊಬ್ಬರ ಮನೆಯಲ್ಲಿ, ಮೊಹರು ಹಾಕಿದ ಪೆಟ್ಟಿಗೆಯಲ್ಲಿ. ಪರದೇಶದಲ್ಲಿರುವ ರಾಯಭಾರ ಕಚೇರಿಯಂತೆ, ಬಂಗೂರನಗರದಲ್ಲಿ ಚಿಗಳ್ಳಿಯ ಪೆಟ್ಟಿಗೆ ನಿಂತ ಮೂರಡಿ ನೆಲ ಚಿಗಳ್ಳಿಯದೇ. ಮನೆಯವರು ಕಾಯಬೇಕು, ತೆರೆಯಬಾರದು. ಕೀಲಿ ಚಿಗಳ್ಳಿಯ ಅಧ್ಯಕ್ಷೆ ಮಾಲವ್ವನ ಸೆರಗಿನಲ್ಲಿ. ಬಂಗೂರನಗರದ ಸಂಘದ ಪರವಾಗಿ ತನ್ನ ಮನೆಯಲ್ಲಿ ಅದನ್ನು ಕಾಯುವವಳು ಮೆಹರೀನ.

ಅವಳ ತಂದೆ ಅಮೀರಸಾಬ ಚಿಗಳ್ಳಿಯ ಗೋದಾಮಿನ ಕಾವಲುಗಾರನಾಗಿದ್ದ. ನಲವತ್ತು ಚೀಲ ಬೀಜದ ಭತ್ತ ಕದ್ದನೆಂದು ಕಾರ್ಯದರ್ಶಿ ಸಿದ್ದಲಿಂಗ ತುಂಬಿದ ಸಭೆಯಲ್ಲಿ ಅವನ ಸೊಂಟದ ಕೀಲಿಗೊಂಚಲನ್ನು ಕಿತ್ತುಕೊಂಡ. ಅಂದು ತಗ್ಗಿದ ತಲೆ ಮೇಲೇಳದೆಯೇ ಮಣ್ಣಿಗೆ ಹೋಯಿತು. ಮೂರು ವರ್ಷಗಳಿಂದ ಮೆಹರೀನ ಸಿದ್ದಲಿಂಗನ ಹೆಸರನ್ನು ಹಲ್ಲಿನಡಿ ಇಟ್ಟುಕೊಂಡಿದ್ದಳು.

ಹೊಸ ಅಧ್ಯಕ್ಷೆ ಮಾಲವ್ವ ಗೋದಾಮಿನಿಂದ ಯಾವ ಚೀಲ ಯಾವ ಗಾಡಿಯಲ್ಲಿ ಹೋಯಿತೆಂದು ಬರೆದ ಹಳೆಯ ಗೇಟುಪಾಸುಗಳನ್ನು ಕೇಳಿದ ಮರುದಿನವೇ ಯಾರೋ ಚಿಗಳ್ಳಿಯ ಕಂಪ್ಯೂಟರಿಗೆ ಕನ್ನ ಹಾಕಿ ಸಕಲವನ್ನೂ ಅಳಿಸಿದ್ದರು. ಉಳಿದದ್ದು ಪೆಟ್ಟಿಗೆಯ ಪ್ರತಿಯೊಂದೇ. ಅದನ್ನು ಒಯ್ಯಲೆಂದು, ಹಿಂದಿನ ರಾತ್ರಿಯೇ ಫೋನಿನಲ್ಲಿ ತಿಳಿಸಿ, ಸಿದ್ದಲಿಂಗ ಬಂದಿದ್ದ, ಕೀಲಿಯಿಲ್ಲದೆ, ಬರಿಗೈಯಲ್ಲಿ.

"ನಿಮ್ಮಪ್ಪನ್ನ ಕಳ್ಳ ಅಂದವ ನಾನ," ಎಂದ. "ಸಿಟ್ಟು ಇರತೈತಿ. ಆದ್ರ ಆ ಪೆಟ್ಟಿಗಿ ಹೋತಂದ್ರ ನಾ ಬೀದಿಪಾಲು, ನೋಡವಾ. ಕೈ ಮುಗೀತೇನಿ."

ಬೇಡಲು ಬಂದವನು ಗಾಯವನ್ನೇ ಕೆದಕುತ್ತಿದ್ದ.

"ಅಬ್ಬಾ ಕಲಿಸಿದ್ದು ಒಂದ ಮಾತು ರೀ," ಎಂದಳು. "ನಂಬಿ ಅಮಾನತ್ ಇಟ್ಟದ್ದನ್ನ ಇಟ್ಟವರ ಕೈಗೇ ಕೊಡಬೇಕು."

"ಕಳ್ಳನ ಮನ್ಯಾಗ ಅಮಾನತ್ತ?" ಸಿದ್ದಲಿಂಗ ಮೀಸೆಯಲ್ಲೇ ನಕ್ಕ.

ಮೆಹರೀನ ಮೂಲೆಯ ಕಪ್ಪು ಪೆಟ್ಟಿಗೆಯನ್ನು ಎಳೆದು ಮೇಜಿಗಿಟ್ಟು ಸುತ್ತಿಗೆ ಎತ್ತಿದಳು. ಪೆಟ್ಟಿಗೆಯ ಮೇಲೆ ಮೊಹರಿದೆಯೋ ಇಲ್ಲವೋ ಅವನು ನೋಡಲಿಲ್ಲ; ನೋಡಿದ್ದು ಸುತ್ತಿಗೆಯನ್ನು. ತಡೆಯಲೂ ಇಲ್ಲ. ನಾಲ್ಕು ಏಟಿಗೆ ಎಲ್ಲ ಚೂರಾಯಿತು.

ಸಿದ್ದಲಿಂಗ ಹಣೆ ಬಡಿದುಕೊಂಡ. ಬಿಟ್ಟ ಉಸಿರು ಮಾತ್ರ ನಿರಾಳವಾಗಿತ್ತು. ಅಲ್ಲಿಂದಲೇ ಮಾಲವ್ವನಿಗೆ ಫೋನು ಹಚ್ಚಿ, ಅಮೀರಸಾಬನ ಮಗಳು ಹಗೆ ತೀರಿಸಿಕೊಂಡಳು, ಪ್ರತಿ ಉಳಿಯಲಿಲ್ಲ ಎಂದು ಗೋಳಾಡಿದ.

"ಉಳದೈತಿ," ಎಂದಳು ಮಾಲವ್ವ. "ಮುಂಜಾನಿ ಬಸ್ಸಿಗೆ ಆಕೀನ ಮೊಹರಿನ ಪೆಟ್ಟಿಗಿ ತಂದು ನನ್ನ ಕೈಗೆ ಕೊಟ್ಟು ಹೋಗ್ಯಾಳ. ಅಮೀರಸಾಬ ಕದ್ದ ಅಂದಿದ್ಯಲ್ಲ, ಆ ನಲವತ್ತು ಚೀಲ ಯಾರ ಟ್ರ್ಯಾಕ್ಟರ್ ಹತ್ತಿದ್ವು ಅನ್ನೂದನ್ನ ಪೊಲೀಸರ ಮುಂದ ಓದಾಕತ್ತೇನಿ, ಸಿದ್ದಲಿಂಗಪ್ಪ."