ಹೂವಪ್ಪನ ಸರದಿ

ಸಾಲು ಹಿಂದಿನಿಂದ ಕರಗತೊಡಗಿತು. ಹೊಸನಗರದ ಪರಿಹಾರ ಕಚೇರಿಯ ಜಗಲಿಯಲ್ಲಿ ಬೆಳಿಗ್ಗೆಯಿಂದ ನಿಂತಿದ್ದವರು ಒಬ್ಬೊಬ್ಬರಾಗಿ, ಮಾತಿಲ್ಲದೆ, ಅಂಗಳಕ್ಕಿಳಿದು ಬೇಲಿಯವರೆಗೂ ಹೋಗಿ ನಿಂತರು. ಕಿಟಕಿಯ ಹತ್ತಿರ ಉಳಿದವನು ಹೂವಪ್ಪ ಒಬ್ಬನೇ. ಏನೆಂದು ತಿರುಗಿ ನೋಡಿದ. ಮೆಟ್ಟಿಲು ಹತ್ತಿ ಒಂದು ಮಂಗ ಬರುತ್ತಿತ್ತು.

ಅದು ಜಿಗಿಯಲಿಲ್ಲ, ಹಲ್ಲು ಕಿರಿಯಲಿಲ್ಲ. ಕಣ್ಣು ಕಾಣದ ಮುದುಕರ ಹಾಗೆ ಗೋಡೆಗೆ ಕೈ ಊರಿಕೊಂಡು ನಿಧಾನವಾಗಿ ನಡೆದು ಬಂತು. ಆ ಬೇಸಿಗೆಯಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಅದರ ಬೆನ್ನಿಗೇ ಊರುಗಳಲ್ಲಿ ಜನ ಜ್ವರ ಬಂದು ಮಲಗುತ್ತಿದ್ದರು. ಯಾರೂ ಕಾಡಿಗೆ ಕಾಲಿಡಬಾರದೆಂದು ಸರ್ಕಾರ ಡಂಗುರ ಹೊಡೆಸಿತ್ತು. ಮರ ಕಡಿದು ಬದುಕುತ್ತಿದ್ದ ಹೂವಪ್ಪನಂಥವರಿಗೆ ಕೂಲಿ ನಿಂತುಹೋಗಿ, ಮಳೆ ಹಿಡಿಯುವವರೆಗೆ ಅಕ್ಕಿ ಕೊಡುತ್ತೇವೆಂದು ಅರ್ಜಿ ಕರೆದಿದ್ದರು. ಇವತ್ತೇ ಕೊನೆ.

“ಇಳಿದು ಬನ್ನಿ!” ಬೇಲಿಯ ಹತ್ತಿರದಿಂದ ಹೆಂಡತಿ ಗುತ್ಯಮ್ಮ ಕೂಗಿದಳು. ಅವಳ ಸೊಂಟದಲ್ಲಿ ಮಗಳಿದ್ದಳು. “ಅಕ್ಕಿ ಹಾಳಾಗ್ಲಿ, ಇಳಿದು ಬನ್ನಿ ಅಂದ್ರೆ!”

ಹೂವಪ್ಪ ಹೆಜ್ಜೆ ಎತ್ತಿದ. ಅಷ್ಟರಲ್ಲಿ ಒಳಗಿಂದ ಗುಮಾಸ್ತ ಸೀತಾರಾಮಪ್ಪನ ದನಿ ಬಂತು. “ಮುಂದಿನೋರು ಯಾರು? ಬೇಗ ಬರ್ಬೇಕು. ಈ ಕಿಟಕಿ ಹಾಕಿದ್ರೆ ಮತ್ತೆ ತೆಗಿಯಲ್ಲ.”

ಮನೆಯಲ್ಲಿ ಅಕ್ಕಿ ಮುಗಿದು, ಎಳೆ ಹಲಸಿನಕಾಯಿ ಬೇಯಿಸಿ ತಿನ್ನುತ್ತಿದ್ದರು. ಮಗಳು ಅದನ್ನೂ ಉಗುಳುತ್ತಿದ್ದಳು. ಹೂವಪ್ಪ ಎತ್ತಿದ ಹೆಜ್ಜೆಯನ್ನು ಅಲ್ಲೇ ಇಟ್ಟ. ಕಿಟಕಿ ಎದೆಯೆತ್ತರದಲ್ಲಿತ್ತು. ಒಳಗೆ ಕೂತವನಿಗೆ ಎದುರಿನವನ ಮುಖ ಬಿಟ್ಟರೆ ಬೇರೇನೂ ಕಾಣುವಂತಿರಲಿಲ್ಲ.

“ಹೆಸರು?”

“ಹೂವಪ್ಪ.”

“ಕೆಲಸ?”

“ಮರ ಕಡಿಯೋದು. ಈಗಿಲ್ಲ ಸ್ವಾಮಿ.”

ಅವನ ಕಾಲಿಗೆ ಏನೋ ಬಂದು ಒರಗಿತು. ಪಂಚೆಯ ಮೇಲಿಂದಲೂ ಬಿಸಿ ತಟ್ಟಿತು. ಹೂವಪ್ಪ ಕೆಳಗೆ ನೋಡಲಿಲ್ಲ.

“ಮನೇಲಿ ಯಾರಿಗಾದ್ರೂ ಜ್ವರ?”

“ಇಲ್ಲ.”

“ಕಾಡಿಗೆ ಹೋಗಿದ್ಯಾ?”

“ಇಲ್ಲ.”

ಕಾಲಿಗೊರಗಿದ ಮೈ ಗಡಗಡ ನಡುಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ, ನಡುಗುತ್ತಿರುವುದು ಅದೋ ತಾನೋ ಎಂಬುದೇ ಅವನಿಗೆ ತಿಳಿಯದಾಯಿತು.

ಸೀತಾರಾಮಪ್ಪ ಕನ್ನಡಕ ಸರಿಮಾಡಿಕೊಂಡ. “ಮಂಗನ್ನ ಏನಾದ್ರೂ ಮುಟ್ಟಿದ್ಯಾ? ಸತ್ತಿದ್ದೋ, ಬದುಕಿದ್ದೋ? ನಿಜ ಹೇಳು ಮಾರಾಯ. ಮುಟ್ಟಿದೋರನ್ನ ಮೊದ್ಲು ಆಸ್ಪತ್ರೆಗೆ ಕಳಿಸ್ಬೇಕು. ಅರ್ಜಿ ಗಿರ್ಜಿ ಎಲ್ಲಾ ಆಮೇಲೆ.”

ಒಂದು ಪುಟ್ಟ ಕೈ ಪಂಚೆಯನ್ನು ಹಿಡಿಯಿತು. ಬೆರಳುಗಳು ಒಂದೊಂದಾಗಿ ಬಿಗಿದವು.

“ಇಲ್ಲ ಸ್ವಾಮಿ,” ಎಂದ ಹೂವಪ್ಪ. “ಈ ವರ್ಷ ಮಂಗನ್ನ ಕಣ್ಣಲ್ಲೂ ನೋಡಿಲ್ಲ.”

“ಪುಣ್ಯವಂತ. ಎಂತಕ್ಕೆ ಇಷ್ಟು ಬೆವರ್ತಿದೀಯ?”

“ಸೆಕೆ ಸ್ವಾಮಿ.”

ಸೀತಾರಾಮಪ್ಪ ಮಸಿಯ ಡಬ್ಬಿಯನ್ನು ಮುಂದೆ ತಳ್ಳಿದ. ಹೂವಪ್ಪ ಹೆಬ್ಬೆಟ್ಟು ಒತ್ತಿದ. ಒತ್ತುತ್ತಿರುವಾಗಲೇ ಕಾಲಿನ ಹತ್ತಿರದ ನಡುಕ ನಿಂತಿತು. ಭಾರ ಮಾತ್ರ ಹಾಗೇ ಉಳಿಯಿತು. ಚೀಟಿ ಕೈಗೆ ಬಂದ ಮೇಲೆ ಅವನು ಮೊದಲ ಸಲ ಕೆಳಗೆ ನೋಡಿದ. ಮಂಗ ತಲೆ ಮೇಲೆತ್ತಿ, ಕಣ್ಣು ತೆರೆದುಕೊಂಡು, ಅವನ ಮುಖವನ್ನೇ ನೋಡುತ್ತ ಸತ್ತಿತ್ತು. ಪಂಚೆ ಜಗ್ಗಿದರೆ ಬರಲಿಲ್ಲ. ಕುಕ್ಕರಗಾಲಲ್ಲಿ ಕೂತು ಆ ಬೆರಳುಗಳನ್ನು ಕೈಯಿಂದಲೇ ಬಿಡಿಸಬೇಕಾಯಿತು.

“ಮುಂದಿನೋರು ಯಾರು?” ಒಳಗಿಂದ ಸೀತಾರಾಮಪ್ಪ ಕೂಗುತ್ತಲೇ ಇದ್ದ. ಯಾರೂ ಬರಲಿಲ್ಲ.

“ಆಯ್ತು ಮಾರಾಯ್ತಿ!” ಹೂವಪ್ಪ ಚೀಟಿಯನ್ನು ಎತ್ತಿ ಹಿಡಿದು ಅಂಗಳಕ್ಕಿಳಿದ. “ನಾಳೆಯಿಂದ್ಲೇ ಅಕ್ಕಿ ಕೊಡ್ತಾರಂತೆ.” ಜನ ಎರಡೂ ಕಡೆ ಸರಿದು, ಗಾಡಿ ಹೋಗುವಷ್ಟು ದಾರಿ ಬಿಟ್ಟರು. ಮಗಳು ಅವನತ್ತ ಕೈ ಚಾಚಿ ಜಿಗಿದಳು. ಗುತ್ಯಮ್ಮ ಅವಳನ್ನು ಎದೆಗವಚಿಕೊಂಡು ಹಿಂದೆ ಸರಿದಳು.

“ಚೀಟಿ ಅಲ್ಲೇ ಕಲ್ಲಿನ ಮೇಲಿಡಿ,” ಎಂದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. “ಇಟ್ಟು ಆಚೆ ಹೋಗಿ ನಿಲ್ಲಿ.”

ಹೂವಪ್ಪ ಹಾಗೇ ಮಾಡಿದ. ಅವಳು ಸೆರಗಿನ ತುದಿಯಿಂದ ಚೀಟಿ ಎತ್ತಿಕೊಂಡು ಊರಿನ ದಾರಿ ಹಿಡಿದಳು. ಅವನು ಹಿಂದೆ ಹೊರಟ. ಅವನು ಜೋರಾಗಿ ನಡೆದರೆ ಅವಳೂ ಜೋರಾಗಿ ನಡೆಯುತ್ತಿದ್ದಳು. ಅವನು ನಿಂತರೆ, ತಿರುಗದೆಯೇ, ಅವಳೂ ನಿಲ್ಲುತ್ತಿದ್ದಳು. ಮಗಳು ಮಾತ್ರ ತಾಯಿಯ ಹೆಗಲ ಮೇಲಿಂದ ಅಪ್ಪನನ್ನು ನೋಡಿ ನಗುತ್ತ, ಬಾ ಬಾ ಎಂದು ದಾರಿಯುದ್ದಕ್ಕೂ ಕೈ ಬೀಸುತ್ತಿದ್ದಳು.