ಮಡಕೆಯ ಮುಚ್ಚಳ

ಪೊಲೀಸಮ್ಮ ಮಾತಿನ ಮಡಕೆಯನ್ನು ಸಿಂಬಿಯ ಮೇಲೆ ಇಟ್ಟು ಕೋಣೆಯಿಂದ ಹೊರಗೆ ಹೋದಳು. ನೊಂದವಳು ಅದರ ಬಾಯಿಗೆ ಒಮ್ಮೆ ಹೇಳಿದರೆ ಸಾಕು. ಆಮೇಲೆ ವೈದ್ಯರ ಮುಂದೆ, ನ್ಯಾಯಾಧೀಶರ ಮುಂದೆ, ಆರೋಪಿಯ ವಕೀಲನ ಮುಂದೆ ಮಡಕೆಯೇ ಅವಳ ದನಿಯಲ್ಲಿ ಹೇಳುತ್ತದೆ. ಮಾತು ಮುಗಿದೊಡನೆ ಜೊತೆಗೆ ಬಂದ ಹಿರಿಯಳು ಮುಚ್ಚಳ ಹಾಕಬೇಕು. ತಡವಾದರೆ ಮಾತು ಆರಿಹೋಗಿ, ಮೊದಲಿನಿಂದ ಹೇಳಬೇಕಾಗುತ್ತದೆ.

ನೀಲವ್ವನ ನೆರೆಮನೆಯ ಹುಡುಗಿ ಸುವರ್ಣಾ ಎಲ್ಲವನ್ನೂ ಹೇಳಿ ಮುಗಿಸಿ ಕಣ್ಣೊರೆಸಿಕೊಂಡಳು. ಜೊತೆಗೆ ಬಂದಿದ್ದ ನೀಲವ್ವನ ಕೈ ಮುಚ್ಚಳ ಹಿಡಿದು ಹಾಗೆಯೇ ನಿಂತಿತು.

ಮಡಕೆಗಳು ಬರುವ ಮೊದಲು ನೀಲವ್ವನ ಮಗಳು ಗಂಗೂ ಇಂಥದೇ ಸಂಕಟವನ್ನು ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ ಹೇಳಿದ್ದಳು. ವಕೀಲ ನಕ್ಕು ಮತ್ತೆ ಮತ್ತೆ ಹೇಳಿಸಿದ್ದ. ಹೇಳಿ ಬಂದಾಗಲೆಲ್ಲ ಅವಳು ಊಟ ಬಿಡುತ್ತಿದ್ದಳು. ತೀರ್ಪಿಗೆ ಮೊದಲೇ ಶಿವನ ಪಾದ ಸೇರಿದಳು.

‘ಶಿವನೇ, ಇವಳಿಗೆ ಮಾತ್ರ ಒಂದೇ ಸಲವೇ? ಇವಳೂ ಇನ್ನೊಮ್ಮೆ ಹೇಳಲಿ’ ಎಂದು ನೀಲವ್ವನ ಹೊಟ್ಟೆ ಉರಿಯಿತು.

“ಚಿಗವ್ವಾ, ಮುಚ್ಚಬೇ! ಮಾತು ಆರಿ ಹೋಗತಾವ!”

ಆ ದನಿಯಲ್ಲಿ ಗಂಗೂನ ದನಿಯ ನಡುಕವೇ ಇತ್ತು. ನೀಲವ್ವ ಮುಚ್ಚಳವನ್ನು ಒತ್ತಿ ಹಾಕಿದಳು.

“ಇನ್ನ ನಾ ಯಾರ ಮುಂದೂ ಹೇಳಬೇಕಾಗಿಲ್ಲಲ್ಲ?”

“ಇಲ್ಲ ನನ್ನವ್ವ. ಮುಗೀತು.”

ಸುವರ್ಣಾ ಗೋಡೆಗೆ ಒರಗಿದಳು. ಸ್ವಲ್ಪ ಹೊತ್ತಾದ ಮೇಲೆ, “ಹಸಿವಿ ಆಗೇತಿ, ಚಿಗವ್ವಾ” ಎಂದಳು.

ನೀಲವ್ವನ ಹೊಟ್ಟೆ ಮತ್ತೆ ಉರಿಯಿತು. ಆದರೂ ಬುತ್ತಿ ಬಿಚ್ಚಿ, ಹೇಳಿ ಬಂದ ಮೇಲೆ ಗಂಗೂ ಎಂದೂ ಕೇಳದೆ ಹೋದ ರೊಟ್ಟಿಯನ್ನು ಮುರಿದು ಸುವರ್ಣಾಳ ಕೈಗಿಟ್ಟಳು.